ಕೆಂಡದಲ್ಲಿ ಸುಡುವ ಮಾಂಸಕ್ಕೆ ಪ್ಯಾಕೆಟ್ ಮಸಾಲೆ ಯಾಕೆ?

ಮಾನ್ಯ ಸಂಪಾದಕರೇ,

ಮಳವಳ್ಳಿಯಲ್ಲಿ ನಮ್ಮದೊಂದು ಮಟನ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಇತ್ತೀಚೆಗೆ ಭಾನುವಾರ ಬೆಳಿಗ್ಗೆ ಬರುವ ಹುಡುಗರು ಬೇರೆ ಥರ ಕೇಳುತ್ತಾರೆ. ‘ಅಣ್ಣ, ಸಾರಿಗಲ್ಲ, ಬಾರ್ಬೆಕ್ಯೂಗೆ. ಚಾಪ್ಸ್ ಉದ್ದುದ್ದ ಹೊಡೆದುಕೊಡಿ’ ಅನ್ನುತ್ತಾರೆ. ಚೀಲದಲ್ಲಿ ಆಗಲೇ ಒಂದು ಬಾಟಲಿ ಸಾಸ್, ಒಂದು ಡಬ್ಬಿ ಒಣ ಮಸಾಲೆ ಇರುತ್ತದೆ. ಆ ಒಣ ಮಸಾಲೆಗೆ ರಬ್ ಅನ್ನುತ್ತಾರೆ, ಮಾಂಸಕ್ಕೆ ಸವರಿ ಉಜ್ಜುವ ಪುಡಿ. ತೋಟದಲ್ಲೋ ಟೆರೇಸ್ ಮೇಲೋ ಸ್ನೇಹಿತರೆಲ್ಲ ಸೇರಿ ಸುಟ್ಟು ತಿನ್ನುತ್ತಾರೆ. ಅದು ಒಳ್ಳೆಯದೇ. ಆದರೆ ಆ ಬಾಟಲಿ, ಆ ಡಬ್ಬಿ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ನಿಮ್ಮ ಪತ್ರಿಕೆಯ ಮೂಲಕ ಇನ್ನೂ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸಿತು.

ಕಳೆದ ಬೇಸಿಗೆಯಲ್ಲಿ ಒಬ್ಬ ಗಿರಾಕಿ ಬಂದು ‘ನೀವು ಕೊಟ್ಟ ಮಾಂಸ ಕಹಿ ಇತ್ತು, ಒಳಗೆ ಬೆಂದೇ ಇರಲಿಲ್ಲ’ ಅಂದರು. ಬಂಡೂರು ಮರಿಯ ಮಾಂಸ ಕಹಿ ಆಗುವುದುಂಟಾ? ಅವರು ಮತ್ತೆ ಒಲೆ ಹಚ್ಚಿದ ದಿನ ನಾನೇ ಅವರ ಮನೆಗೆ ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಇದ್ದಿಲಿನಲ್ಲಿ ಇನ್ನೂ ಉರಿ ಆಡುತ್ತಿತ್ತು, ಬೂದಿ ಮುಚ್ಚಿರಲಿಲ್ಲ. ಹಸಿ ಚಾಪ್ಸ್‌ಗೆ ಮೊದಲೇ ದಪ್ಪಗೆ ಸಾಸ್ ಬಳಿದು ಜಾಲರಿ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೇ ಸಾಸ್ ಗುಳ್ಳೆ ಗುಳ್ಳೆಯಾಗಿ ಎದ್ದು, ಅಂಚಿನಿಂದ ಕಪ್ಪಾಗುತ್ತಾ ಬಂತು. ಮಗುಚಲು ಹೋದರೆ ಜಾಲರಿಗೆ ಕಚ್ಚಿಕೊಂಡು ಸಿಪ್ಪೆ ಥರ ಕಿತ್ತು ಬಂತು. ಮೂಳೆ ಹತ್ತಿರ ಚಾಕು ಇಟ್ಟರೆ ಇನ್ನೂ ಕೆಂಪು ನೀರು. ಕಹಿ ಮಾಂಸದ್ದಲ್ಲ, ಸುಟ್ಟು ಕರಕಲಾದ ಸಕ್ಕರೆಯದು.

ಬಾರ್ಬೆಕ್ಯೂ ಸಾಸ್‌ನಲ್ಲಿ ಸಕ್ಕರೆ ಸ್ವಲ್ಪ ಸ್ವಲ್ಪ ಇರುವುದಲ್ಲ. ಅಮೆರಿಕದ ಕೆಲವು ಸಾಸ್‌ಗಳಲ್ಲಿ ಎರಡು ದೊಡ್ಡ ಚಮಚಕ್ಕೆ 15 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಸಕ್ಕರೆ 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಂದು ತಿರುಗಿ, ಇನ್ನೂ ಕಾದರೆ ಕಹಿಯಾಗುತ್ತದೆ. ನಮ್ಮ ಕೆಂಡದ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ.

ಹಾಗಾದರೆ ಅಲ್ಲಿಯವರಿಗೆ ಯಾಕೆ ಕರಕಲಾಗುವುದಿಲ್ಲ? ಇದು ನನ್ನನ್ನೂ ಕಾಡಿತು. ಯೂಟ್ಯೂಬ್ ನೋಡಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಅವರು ಬಾರ್ಬೆಕ್ಯೂ ಅನ್ನುವುದು ನಾವು ಮಾಡುವ ಅಡುಗೆಯೇ ಅಲ್ಲ. ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. 110 ಡಿಗ್ರಿ ಸುತ್ತಮುತ್ತ ಇರುವ ಹೊಗೆಯಲ್ಲಿ ದೊಡ್ಡ ದೊಡ್ಡ ತುಂಡುಗಳನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ. ಆ ಶಾಖಕ್ಕೆ ಸಕ್ಕರೆ ಕರಕಲಾಗುವುದಿಲ್ಲ, ಮಾಂಸದ ಮೇಲೆ ಪದರವಾಗಿ ಕೂರುತ್ತದೆ. ಸಾಸ್ ಹಚ್ಚುವುದಾದರೆ ಕೊನೆಗೆ. ಅಲ್ಲೂ ಎಲ್ಲ ಕಡೆ ಒಂದೇ ಥರ ಇಲ್ಲ. ಕ್ಯಾನ್ಸಸ್ ಸಿಟಿಯಲ್ಲಿ ಟೊಮೆಟೊ, ಕಾಕಂಬಿ ಹಾಕಿದ ಗಟ್ಟಿ ಸಾಸ್. ನಾರ್ತ್ ಕೆರೊಲೈನಾದ ಪೂರ್ವ ಭಾಗದಲ್ಲಿ ಬರೀ ವಿನೆಗರ್, ಮೆಣಸಿನಕಾಯಿ. ಟೆಕ್ಸಾಸ್‌ನ ಹಳಬರು ದನದ ಎದೆಭಾಗದ ಮಾಂಸಕ್ಕೆ ಉಪ್ಪು, ಕಾಳುಮೆಣಸು ಬಿಟ್ಟು ಬೇರೇನೂ ಹಾಕುವುದಿಲ್ಲ. ಕೆಂಟಕಿಯ ಓವೆನ್ಸ್‌ಬರೋ ಅನ್ನುವ ಊರು ಕುರಿ ಮಾಂಸಕ್ಕೇ ಹೆಸರುವಾಸಿ. ಅಲ್ಲಿ ಕಪ್ಪಗಿನ ತೆಳು ಸಾಸ್ ಬಳಸುತ್ತಾರೆ. ಅದಕ್ಕೆ ಹಾಕುವ ವೂಸ್ಟರ್‌ಶೈರ್ ಸಾಸ್‌ನಲ್ಲಿ ಹುಣಸೆಹಣ್ಣು ಇರುತ್ತದೆ. ನಮ್ಮ ಹೊಲದ ಬದುವಿನಲ್ಲಿ ನಿಂತಿರುವ ಹುಣಸೆ! ಇದನ್ನು ತಿಳಿದ ಮೇಲೆ ನನಗೆ ಧೈರ್ಯ ಬಂತು. ಅವರು ಅವರವರ ಊರಲ್ಲಿ ಸಿಗುವುದರಲ್ಲಿ ಮಾಡಿಕೊಂಡಿದ್ದಾರೆ, ನಾವೂ ಮಾಡಿಕೊಳ್ಳಬಹುದು ಅಲ್ವಾ?

ಬಂಡೂರು ನಮ್ಮ ತಾಲ್ಲೂಕಿನ ಊರು. ಆ ತಳಿಯ ಕುರಿ ಕುಳ್ಳಗೆ, ಅಗಲವಾಗಿರುತ್ತದೆ. ಅದರ ಕೊಬ್ಬು ಮಾಂಸದ ಎಳೆಗಳ ನಡುವೆ ಸೇರಿಕೊಂಡಿರುತ್ತದೆ. ಕೆಂಡದ ಮೇಲೆ ಇಟ್ಟರೆ ಕೊಬ್ಬು ಕರಗಿ ತೊಟ್ಟಿಕ್ಕಿ, ಕೆಂಡಕ್ಕೆ ಬಿದ್ದು ಚುಂಯ್ ಅಂದು ಹೊಗೆ ಏಳುತ್ತದೆ. ಆ ಹೊಗೆ ಮತ್ತೆ ಮಾಂಸಕ್ಕೆ ಹಿಡಿಯುತ್ತದೆ. ಬಾಟಲಿಯಲ್ಲಿ ಹೊಗೆಯ ಸುವಾಸನೆ ಅಂತ ಬೆರೆಸಿರುತ್ತಾರಲ್ಲ, ಅದು ಇಲ್ಲಿ ಪುಕ್ಕಟೆ ಸಿಗುತ್ತದೆ. ಇಂಥ ಮಾಂಸದ ರುಚಿಯನ್ನು ಸಾಸ್‌ನಲ್ಲಿ ಮುಳುಗಿಸುವುದು ನನ್ನಿಂದ ನೋಡಲು ಆಗುವುದಿಲ್ಲ.

ಇನ್ನು ಒಣ ಮಸಾಲೆಯ ಡಬ್ಬಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ತಿರುಗಿಸಿ ನೋಡಿ. ಎಷ್ಟೋ ಡಬ್ಬಿಗಳಲ್ಲಿ ಮೊದಲು ಬರುವುದೇ ಉಪ್ಪು, ಸಕ್ಕರೆ. ಮೆಣಸಿನಪುಡಿ, ಜೀರಿಗೆ ಆಮೇಲೆ. ಉಪ್ಪನ್ನು ಮಸಾಲೆಯ ರೇಟಿಗೆ ಕೊಂಡ ಹಾಗೆ ಆಯಿತು. ಲೇಬಲ್‌ನಲ್ಲಿ ಸೋಡಿಯಂ ಇಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇರುವ ಅಪ್ಪ ಅಮ್ಮನಿಗೂ ಅದೇ ತಟ್ಟೆಯಿಂದ ಬಡಿಸುತ್ತೀರಿ, ನೆನಪಿರಲಿ.

ಬಣ್ಣದ ವಿಷಯ ಇನ್ನೂ ಮುಖ್ಯ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 39 ಮಾದರಿಗಳಲ್ಲಿ 8 ಅಸುರಕ್ಷಿತ ಅಂತ ಬಂದಿತ್ತು. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಬಣ್ಣ ಸಿಕ್ಕಿತ್ತು. ಹೋಟೆಲಿನವರನ್ನು ಬೈದುಕೊಂಡು ಮನೆಯಲ್ಲಿ ಬಣ್ಣದ ಪುಡಿ ಹಚ್ಚಿದರೆ ಏನು ಬಂತು? ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಿಂದ ಬಣ್ಣದ ಸಾರ ತೆಗೆದು ವಿದೇಶಕ್ಕೆ ಕಳಿಸುತ್ತಾರೆ, ನಾವು ವಿದೇಶದ ಡಬ್ಬಿ ತರಿಸಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲಿ ಮಾಡುವ ಪುಡಿ ಹೇಳುತ್ತೇನೆ, ಒಂದು ಕಿಲೋ ಚಾಪ್ಸ್‌ಗೆ. ಬ್ಯಾಡಗಿ 10, ಖಾರ ಬೇಕಾದರೆ ಗುಂಟೂರು 3. ಧನಿಯ ಎರಡು ಚಮಚ, ಕೊಡಗಿನ ಕಾಳುಮೆಣಸು ಒಂದೂವರೆ ಚಮಚ, ಜೀರಿಗೆ ಒಂದು ಚಮಚ, ಬೆರಳಿನ ಅರ್ಧದಷ್ಟು ಚಕ್ಕೆ, ನಾಲ್ಕು ಲವಂಗ. ಎಲ್ಲ ಟೀ ಚಮಚದ ಅಳತೆ. ಸಾರಿನ ಪುಡಿಗೆ ಹುರಿದ ಹಾಗೆ ಘಮ್ಮೆನ್ನುವವರೆಗೆ ಹುರಿಯಬೇಡಿ. ಬಾಣಲೆ ಬೆಚ್ಚಗಾಗಿ ಪಸೆ ಹೋದರೆ ಸಾಕು. ಮಿಕ್ಕ ಹುರಿಯುವ ಕೆಲಸ ಕೆಂಡ ಮಾಡುತ್ತದೆ. ಮೊದಲೇ ಪೂರ್ತಿ ಹುರಿದರೆ ಜಾಲರಿ ಮೇಲೆ ಸೀದು ಹೋಗುತ್ತದೆ. ತರಿತರಿಯಾಗಿ ಪುಡಿ ಮಾಡಿ. ನಮ್ಮ ಮನೆಯವಳು ಮಿಕ್ಸಿ ಬಿಟ್ಟು ಕುಟ್ಟಾಣಿಯಲ್ಲೇ ಕುಟ್ಟುತ್ತಾಳೆ, ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ.

ಪುಡಿಗೆ ಉಪ್ಪು ಸೇರಿಸಲೇಬೇಡಿ. ಉಪ್ಪು ಬೇರೆ, ಮಸಾಲೆ ಬೇರೆ. ಕಿಲೋಗೆ ಎರಡು ಟೀ ಚಮಚ ಉಪ್ಪನ್ನು ಒಂದೆರಡು ಗಂಟೆ ಮುಂಚೆ ಮಾಂಸಕ್ಕೆ ಉಜ್ಜಿ ಫ್ರಿಜ್‌ನಲ್ಲಿಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಆ ನೀರನ್ನೇ ಎಳೆದುಕೊಳ್ಳುತ್ತದೆ. ಬಲಿತ ಕುರಿಯಾದರೆ ಪರಂಗಿಕಾಯಿ ಅರೆದು ಒಂದು ಚಮಚ ಹಚ್ಚಿ. ಜಾಸ್ತಿ ಹಾಕಿ ರಾತ್ರಿಯೆಲ್ಲ ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ. ಮರಿ ಮಾಂಸಕ್ಕಂತೂ ಅದು ಬೇಡವೇ ಬೇಡ.

ಸಾಸ್ ಬೇಕೇ ಬೇಕು ಅನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಬೆಲ್ಲ ಇದೆ. ಸಕ್ಕರೆ ಮಾಡುವಾಗ ಕಾಕಂಬಿಯನ್ನು ಬೇರೆ ಮಾಡುತ್ತಾರೆ, ಬೆಲ್ಲದಲ್ಲಿ ಅದು ಹಾಗೇ ಉಳಿದಿರುತ್ತದೆ. ಅಮೆರಿಕದವರು ಸಾಸ್‌ಗೆ ಹುಡುಕಿಕೊಂಡು ಹೋಗುವ ರುಚಿ ಅದೇ. ಬೆಳ್ಳಗೆ ಹೊಳೆಯುವ ಬೆಲ್ಲ ಬೇಡ, ಅದಕ್ಕೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಅನ್ನುವ ರಾಸಾಯನಿಕ ಬಿದ್ದಿರಬಹುದು. ಆಲೆಮನೆಯ ಕಪ್ಪು ಬೆಲ್ಲ ತನ್ನಿ. ನಾಲ್ಕು ಟೊಮೆಟೊ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, 50 ಗ್ರಾಂ ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಪುಡಿ, ಕಾಳುಮೆಣಸು, ಚಿಟಿಕೆ ಉಪ್ಪು. ಸೌಟಿಗೆ ಅಂಟುವ ಹದಕ್ಕೆ ಕುದಿಸಿ. ಮಾಂಸ ಬೆಂದ ಮೇಲೆ, ಕೊನೆಯ ಎರಡು ಮೂರು ನಿಮಿಷದಲ್ಲಿ ಹಚ್ಚಿ. ಬೆಲ್ಲವೂ ಸುಡುತ್ತದೆ. ಹಸಿ ಮಾಂಸ ಮುಟ್ಟಿದ ಬ್ರಶ್ಶನ್ನು ಸಾಸ್ ಬಟ್ಟಲಿಗೆ ಅದ್ದಬೇಡಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಅಂಗಡಿಯದೆಲ್ಲ ವಿಷ ಅಂತ ನಾನು ಹೇಳುತ್ತಿಲ್ಲ. ಸೋಡಿಯಂ ಬೆಂಜೋಯೇಟ್‌ನಂಥದ್ದನ್ನು ಮಿತಿಯೊಳಗೆ ಹಾಕಲು ಕಾನೂನಿನಲ್ಲೇ ಅವಕಾಶ ಇದೆ, ಅದಕ್ಕೇ ಬಾಟಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಸುಮ್ನೆ ಯಾರೂ ಕೊಳ್ಳುವುದಿಲ್ಲ, ಅದೂ ಗೊತ್ತು. ಆದರೆ ಕೊಳ್ಳುವವರಿಗೆ ಒಳಗೆ ಏನಿದೆ ಅಂತ ಓದಲು ಬರಬೇಕು. ಈಗಿನ ಆಹಾರ ಲೇಬಲ್ ನಿಯಮದಲ್ಲಿ ಇಂಗ್ಲಿಷ್ ಇಲ್ಲವೇ ಹಿಂದಿ ಕಡ್ಡಾಯ, ಬೇರೆ ಭಾಷೆ ಬೇಕಾದರೆ ಸೇರಿಸಬಹುದು ಅಷ್ಟೇ. ಕನ್ನಡ ಮಾತ್ರ ಓದಲು ಬರುವ ನಮ್ಮ ಮನೆಯವಳು ಡಬ್ಬಿ ಕೈಗೆತ್ತಿಕೊಂಡರೆ ಹಸಿರು ಚುಕ್ಕೆ, ಕಂದು ಗುರುತು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಉಪ್ಪು ಎಷ್ಟು, ಸಕ್ಕರೆ ಎಷ್ಟು, ಬಣ್ಣ ಇದೆಯೋ ಇಲ್ಲವೋ ಅಂತ ತಿಳಿಯುವ ಹಕ್ಕು ಅವಳಿಗೂ ಇದೆ.

ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ ಇದೆ. ಮಸಾಲೆ, ಸಾಸ್‌ಗಳಲ್ಲಿ ಪದಾರ್ಥಗಳ ಪಟ್ಟಿಯೂ ಉಪ್ಪು ಸಕ್ಕರೆಯ ಪ್ರಮಾಣವೂ ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಇರುವಂತೆ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲ್‌ಗಳಿಂದ ಕಬಾಬ್ ಮಾದರಿ ತೆಗೆಯುವ ಹಾಗೆಯೇ ಅಂಗಡಿಗಳಲ್ಲಿ ಮಾರುವ ಕಬಾಬ್ ಪುಡಿ, ಬಾರ್ಬೆಕ್ಯೂ ಪುಡಿಗಳ ಮಾದರಿಯನ್ನೂ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಜಿಲ್ಲಾವಾರು ಪತ್ರಿಕೆಗಳಿಗೆ ಕೊಡಬೇಕು. ನೀವು ಅದನ್ನು ತಪ್ಪದೆ ಪ್ರಕಟಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

– ಒಬ್ಬ ಮಟನ್ ಅಂಗಡಿಯವ, ಮಳವಳ್ಳಿ, ಮಂಡ್ಯ ಜಿಲ್ಲೆ