ಅಸಿನ್ಯಾ ಬೇರೆ, ಊರಿನ ಚೀಟಿ ಬೇರೆ

ಮಾನ್ಯ ಸಂಪಾದಕರೇ,

ಫ್ರೆಂಚ್ ಕ್ರಾಂತಿಯ ಕಾಲದ ಕಾಗದದ ಹಣ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಆಗಿನ ಎಲ್ಲ ನೋಟುಗಳನ್ನೂ ‘ಅಸಿನ್ಯಾ’ ಎಂದೇ ಕರೆದಿದೆ. ಇದು ತಪ್ಪು. ಅಸಿನ್ಯಾ ಸರ್ಕಾರದ ನೋಟು. ಅದರ ಜೊತೆಯಲ್ಲೇ 1790ರಿಂದ 1792ರವರೆಗೆ ನೂರಾರು ಊರುಗಳು ತಮ್ಮದೇ ‘ಬಿಯೆ ದ ಕಾನ್ಫಿಯಾನ್ಸ್’, ಅಂದರೆ ನಂಬಿಕೆಯ ಚೀಟಿಗಳನ್ನು ಹೊರಡಿಸಿದ್ದವು.

ಕಾರಣ ಚಿಲ್ಲರೆಯ ಬರ. 1790ರ ಏಪ್ರಿಲ್‌ನ ಅಸಿನ್ಯಾಗಳ ಮುಖಬೆಲೆ 200, 300 ಮತ್ತು 1000 ಲಿವ್ರ್ (ಆಗಿನ ಫ್ರೆಂಚ್ ಹಣ). ಒಂದು ಲಿವ್ರ್‌ಗೆ 20 ಸೋಲ್. ಕೂಲಿಯಾಳಿನ ಒಂದು ದಿನದ ದುಡಿಮೆ ಹೆಚ್ಚುಕಡಿಮೆ ಅಷ್ಟೇ. ಬೆಳ್ಳಿ ನಾಣ್ಯಗಳನ್ನು ಜನ ಬಚ್ಚಿಟ್ಟಿದ್ದರು. 5 ಲಿವ್ರ್‌ನ ಅಸಿನ್ಯಾಕ್ಕೆ ಒಪ್ಪಿಗೆ ಸಿಕ್ಕಿದ್ದು 1791ರ ಮೇ ತಿಂಗಳಲ್ಲಿ, 10 ಸೋಲ್‌ನದಕ್ಕೆ 1792ರ ಜನವರಿಯಲ್ಲಿ. ಅಲ್ಲಿಯವರೆಗೆ ಬ್ರೆಡ್ಡು ಕೊಳ್ಳಲೂ ಕೂಲಿ ಬಟವಾಡೆಗೂ ಊರಿನ ಚೀಟಿಯೇ ಗತಿ.

ಇದರ ಲೆಕ್ಕ ಸರಳ. ಪುರಸಭೆಯಲ್ಲೋ ಖಾಸಗಿ ಖಜಾನೆಯಲ್ಲೋ 200 ಲಿವ್ರ್ ಅಸಿನ್ಯಾ ಕಟ್ಟಿದರೆ ಅಷ್ಟೇ ಮೊತ್ತದ ಸಣ್ಣ ಚೀಟಿಗಳು ಕೈಗೆ ಬರುತ್ತಿದ್ದವು. ಕಟ್ಟಿದ ಅಸಿನ್ಯಾ ಪೆಟ್ಟಿಗೆಯಲ್ಲೇ ಇರಬೇಕು. ಚೀಟಿ ಮರಳಿ ತಂದವರಿಗೆ ಅದನ್ನು ಕೊಡಬೇಕು. ಎಡವಿದ್ದು ಇಲ್ಲೇ. ಕೆಲವು ಖಾಸಗಿ ಖಜಾನೆಗಳು ಆ ಠೇವಣಿಯನ್ನು ವ್ಯಾಪಾರಕ್ಕೆ ತೊಡಗಿಸಿದವು. ಜನ ಒಟ್ಟಿಗೆ ಬಂದು ಕೇಳಿದಾಗ ಕೊಡಲು ಹಣವಿರಲಿಲ್ಲ. ಪ್ಯಾರಿಸ್‌ನ ‘ಮೇಜೋಂ ದ ಸೆಕೂರ್’ ಎಂಬ ಖಾಸಗಿ ಖಜಾನೆ 1792ರಲ್ಲಿ ಮುಳುಗಿದ್ದು ಹೀಗೆ. ಅಸಿನ್ಯಾದ ಬೆಲೆ ಬಿದ್ದದ್ದು ಮಿತಿಮೀರಿ ಅಚ್ಚಾದದ್ದರಿಂದ; ಎರಡೂ ಕಾಯಿಲೆಗಳನ್ನು ಒಂದೇ ಎನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಚೀಟಿಗೆ ಇನ್ನೊಂದು ಕುತ್ತೂ ಇತ್ತು: ಅಚ್ಚು ಒರಟು, ಕೆಲವೆಡೆ ಇಸ್ಪೀಟ್ ಎಲೆಯ ಬೆನ್ನ ಮೇಲೇ ಮುದ್ರಣ. ಖೋಟಾ ಮಾಡುವುದು ಸುಲಭವಾಗಿತ್ತು, ಊರು ದಾಟಿದರೆ ಬೆಲೆಯೂ ಇರಲಿಲ್ಲ. 1792ರ ನವೆಂಬರ್ 8ರ ಶಾಸನ ಇವುಗಳಿಗೆ ತೆರೆ ಎಳೆಯಿತು.

ಸಂಗ್ರಾಹಕರು ಗುರುತಿಸುವುದು ಕಷ್ಟವಲ್ಲ. ‘ದೊಮೇನ್ ನಾಸ್ಯೊನೊ’ (ರಾಷ್ಟ್ರೀಯ ಆಸ್ತಿ) ಎಂಬ ಶೀರ್ಷಿಕೆ, ಖೋಟಾ ಮಾಡಿದವರಿಗೆ ಮರಣದಂಡನೆಯ ಎಚ್ಚರಿಕೆ, ಶಾಯಿಯಿಲ್ಲದೆ ಒತ್ತಿದ ಉಬ್ಬು ಮುದ್ರೆ ಇದ್ದರೆ ಅದು ಅಸಿನ್ಯಾ. ಊರಿನ ಹೆಸರು, ಇಂತಿಷ್ಟು ಮೊತ್ತದ ಚೀಟಿ ತಂದರೆ ಅಸಿನ್ಯಾ ಕೊಡುತ್ತೇವೆಂಬ ವಾಕ್ಯ, ಸಾಮಾನ್ಯವಾಗಿ ಕೈಬರಹದ ಸಂಖ್ಯೆ ಮತ್ತು ಸಹಿ ಇದ್ದರೆ ಅದು ನಂಬಿಕೆಯ ಚೀಟಿ. ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ.

1914ರಲ್ಲಿ ಫ್ರಾನ್ಸ್‌ನಲ್ಲಿ ಚಿಲ್ಲರೆ ಮತ್ತೆ ಮಾಯವಾದಾಗ ವಾಣಿಜ್ಯ ಮಂಡಳಿಗಳು 50 ಸಾಂತೀಮ್ (ಅರ್ಧ ಫ್ರಾಂಕ್), 1 ಮತ್ತು 2 ಫ್ರಾಂಕ್‌ನ ನೋಟು ಹೊರಡಿಸಿದವು. ಈ ಸಲ ಭದ್ರತೆಯ ಹಣ ಅಚ್ಚು ಹಾಕಿಸಿದವರ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ, ದೇಶದ ಕೇಂದ್ರ ಬ್ಯಾಂಕ್ ಆದ ಬಾಂಕ್ ದ ಫ್ರಾನ್ಸ್‌ನಲ್ಲಿ ಠೇವಣಿಯಾಯಿತು. ಲೇಖನದ ತಿದ್ದುಪಡಿಯಲ್ಲಿ ಈ ವ್ಯತ್ಯಾಸವನ್ನೂ ಸೇರಿಸಬೇಕೆಂದು ಕೋರುತ್ತೇವೆ.

ಇತಿ,
ಹಳೆಯ ನೋಟುಗಳ ಅಭ್ಯಾಸಿ ಓದುಗರು