ಬೆರಳು ನೋವು ಎಂದರೆ ಇನ್ನೂ ನುಡಿಸು ಎನ್ನುವುದೇ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಕ್ಕಳ ಸಂಗೀತ ಕಲಿಕೆ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ದೊಡ್ಡ ಪಿಯಾನೋ ವಾದಕರೆಲ್ಲ ನೋವನ್ನು ಲೆಕ್ಕಿಸದೆ ದಿನಕ್ಕೆ ಏಳೆಂಟು ಗಂಟೆ ಕೂತು ನುಡಿಸಿದವರು, ನಮ್ಮ ಮಕ್ಕಳೂ ಹಾಗೇ ಮಾಡಬೇಕು ಎಂಬ ಧಾಟಿಯ ಮಾತು ಮಾತ್ರ ನನಗೆ ಸರಿ ಕಾಣಲಿಲ್ಲ. ಹಾಗೆ ನುಡಿಸಿದವರಲ್ಲಿ ಒಬ್ಬರಿಗೆ ಏನಾಯಿತು ಅನ್ನೋದನ್ನೂ ಓದುಗರು ತಿಳಿಯಬೇಕು.

ಅವರ ಹೆಸರು ಲಿಯಾನ್ ಫ್ಲೈಷರ್. 1928ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಅಪ್ಪ ಟೋಪಿ ಮಾಡುವ ಕೆಲಸದವರು, ದುಡ್ಡಿರುವ ಮನೆಯೇನಲ್ಲ. ಪಾಠ ಶುರುವಾಗಿದ್ದು ಅಣ್ಣನಿಗೆ, ಅದನ್ನು ಕೇಳಿಸಿಕೊಂಡು ನುಡಿಸಿದ್ದು ಪುಟ್ಟ ತಮ್ಮ! ಒಂಬತ್ತನೇ ವಯಸ್ಸಿಗೆ ಆ ಕಾಲದ ದೊಡ್ಡ ಗುರು ಆರ್ಟುರ್ ಶ್ನಾಬೆಲ್ ಈ ಹುಡುಗನನ್ನು ಶಿಷ್ಯನಾಗಿ ತೆಗೆದುಕೊಂಡರು. ಅದಕ್ಕೆ ಒಂದು ಷರತ್ತು ಹಾಕಿದರು, ಸದ್ಯಕ್ಕೆ ಕಛೇರಿ ಕೊಡುವಂತಿಲ್ಲ. ಮಗು ನಾಲ್ಕು ಹಾಡು ಕಲಿತ ಕೂಡಲೇ ವೇದಿಕೆ ಹತ್ತಿಸಿ ವಿಡಿಯೋ ಮಾಡುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ? 1944ರಲ್ಲಿ, ಹದಿನಾರನೇ ವಯಸ್ಸಿಗೆ, ಅವರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ಬ್ರಾಮ್ಸ್ ಬರೆದ ಕನ್ಚೆರ್ಟೊ (ಒಬ್ಬ ವಾದಕ ಮತ್ತು ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ನುಡಿಸಿದರು. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆ ಗೆದ್ದರು. ಅದನ್ನು ಗೆದ್ದ ಮೊದಲ ಅಮೆರಿಕನ್ ಅವರೇ. ಜಾರ್ಜ್ ಸೆಲ್ ನಡೆಸುತ್ತಿದ್ದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಅವರು ಮಾಡಿದ ಬೀಥೋವನ್ ಧ್ವನಿಮುದ್ರಣಗಳನ್ನು ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ.

ಆಮೇಲೆ 1964ರ ಹೊತ್ತಿಗೆ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಾತು ಕೇಳದಾದವು. ಕೀ ಮೇಲೆ ಇಟ್ಟರೆ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ವಯಸ್ಸು ಇನ್ನೂ ಮೂವತ್ತಾರು, ಆರ್ಕೆಸ್ಟ್ರಾ ಜೊತೆ ಸೋವಿಯತ್ ಒಕ್ಕೂಟದ ಪ್ರವಾಸ ಮುಂದೆ ಕಾದಿತ್ತು. ಅವರು ಏನು ಮಾಡಿದರು? ಇನ್ನೂ ಜಾಸ್ತಿ ಅಭ್ಯಾಸ ಮಾಡಿದರು. ಬೆರಳು ಇನ್ನೂ ಕೆಟ್ಟವು, ಪ್ರವಾಸ ತಪ್ಪಿತು. ಯಾವ ವೈದ್ಯರಿಗೂ ಕಾರಣ ಹೊಳೆಯಲಿಲ್ಲ, ಸಾಯುವ ಯೋಚನೆಯೂ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕಾಯಿಲೆಗೆ ಫೋಕಲ್ ಡಿಸ್ಟೋನಿಯಾ ಎಂಬ ಹೆಸರು ಸಿಕ್ಕಿದ್ದು ಎಷ್ಟೋ ವರ್ಷ ಕಳೆದ ಮೇಲೆ. ತೊಂದರೆ ಇರುವುದು ಬೆರಳಿನಲ್ಲಿ ಅಲ್ಲ, ಅದಕ್ಕೆ ಆಜ್ಞೆ ಕಳಿಸುವ ಮೆದುಳಿನಲ್ಲಿ. ಕೊನೆಗೆ 1990ರ ದಶಕದಲ್ಲಿ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು, ಜೊತೆಗೆ ಆಳವಾಗಿ ಮಸಾಜ್ ಮಾಡುವ ಒಂದು ಚಿಕಿತ್ಸೆ, ಇವೆರಡರಿಂದ ಬೆರಳು ಬಿಡಿಸಿಕೊಂಡವು. 2004ರಲ್ಲಿ ಎರಡೂ ಕೈಯಲ್ಲಿ ನುಡಿಸಿದ ಆಲ್ಬಂ ಬಂತು. ಬೆರಳು ಬಿಡಿಸಿಕೊಳ್ಳುವಷ್ಟರಲ್ಲೇ ಸುಮಾರು ಮೂವತ್ತು ವರ್ಷ ಹೋಗಿತ್ತು.

ಆ ಮೂವತ್ತು ವರ್ಷ ಸುಮ್ನೆ ಕೂತಿರಲಿಲ್ಲ ಅನ್ನೋದು ಬೇರೆ ಮಾತು. ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು, ಆರ್ಕೆಸ್ಟ್ರಾ ನಡೆಸಿದರು, ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್ ಎಂಬ ವಾದಕ ಫ್ರಾನ್ಸಿನ ಸಂಗೀತಗಾರ ರವೆಲ್ ಅವರಿಂದ ಬರೆಸಿದ್ದ ಕನ್ಚೆರ್ಟೊ ಅದರಲ್ಲಿ ಒಂದು. ಫ್ಲೈಷರ್ 2020ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮಕ್ಕಳಿಗೆಲ್ಲ ಡಿಸ್ಟೋನಿಯಾ ಬರುತ್ತದೆ ಎಂದು ಹೆದರಿಸುತ್ತಿಲ್ಲ. ಅದು ಅಪರೂಪದ್ದು, ಅದರಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಆದರೆ ಮಣಿಕಟ್ಟು ನೋವು, ಭುಜ ನೋವು ಅಪರೂಪ ಅಲ್ಲ. ಇಲ್ಲಿ ನಿಜವಾದ ಪಿಯಾನೋ ಇರುವ ಮನೆ ಎಷ್ಟು? ಕೊಡಗಿನ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಮಕ್ಕಳು ಕಲಿಯುವುದು ಕೀಬೋರ್ಡ್‌ನಲ್ಲಿ. ಅದನ್ನು ಊಟದ ಮೇಜಿನ ಮೇಲೆ ಇಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರೆ ಭುಜ ಕಿವಿಯವರೆಗೆ ಏರುತ್ತದೆ, ಮಣಿಕಟ್ಟು ಬಾಗುತ್ತದೆ. ಹಗುರ ಕೀ ಒತ್ತಿ ಅಭ್ಯಾಸವಾದ ಬೆರಳನ್ನು ಗ್ರೇಡ್ ಪರೀಕ್ಷೆ ಅಂತ ಮೈಸೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗಿ ಪಿಯಾನೋ ಮುಂದೆ ಕೂರಿಸಿದರೆ ಅಲ್ಲಿನ ಕೀ ಭಾರ ಇರುತ್ತದೆ, ಮಗು ಇಡೀ ತೋಳಿನ ಬಲ ಹಾಕಿ ಒತ್ತುತ್ತದೆ.

ನನ್ನ ಮಗಳು ಹೋದ ವರ್ಷ ಪರೀಕ್ಷೆಗೆ ಮುಂಚೆ ಮಣಿಕಟ್ಟು ನೋಯುತ್ತಿದೆ ಅಂದಳು. ಕಲಿಸುವವರು, ಅಭ್ಯಾಸ ಕಡಿಮೆಯಾಗಿದೆ, ಇನ್ನೊಂದು ಗಂಟೆ ಸೇರಿಸಿ ಅಂದರು. ನಾವು ಒಪ್ಪಲಿಲ್ಲ, ಪರೀಕ್ಷೆ ಬಿಡಿಸಿದೆವು. ಕೆಲವು ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಇದೇ ನೆಂಟರ ಮನೆಯ ಹುಡುಗ ಹಾಕಿ ಆಡುವಾಗ ತೊಡೆಯ ಸ್ನಾಯು ಹಿಡಿದುಕೊಂಡರೆ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಹಬ್ಬ ಇದ್ದರೂ ಸರಿ, ಅವನನ್ನು ಕೂರಿಸಿ ಐಸ್ ಇಡುತ್ತಾರೆ! ಹಾಕಿಗೆ ಒಂದು ನ್ಯಾಯ, ಪಿಯಾನೋಗೆ ಇನ್ನೊಂದು ನ್ಯಾಯ ಯಾಕೆ?

ಸಂಗೀತ ಕಲಿಸುವವರು ಪಾಠ ಶುರು ಮಾಡುವ ಮೊದಲು ಎಲ್ಲಾದರೂ ನೋಯುತ್ತಿದೆಯಾ ಎಂದು ಮಗುವನ್ನು ಒಂದು ಮಾತು ಕೇಳಲಿ. ಅಪ್ಪ ಅಮ್ಮ ಕುರ್ಚಿಯ ಎತ್ತರ ನೋಡಲಿ, ನಡುನಡುವೆ ಎಬ್ಬಿಸಲಿ. ನೀವು ಮುಂದಿನ ಪುರವಣಿಯಲ್ಲಿ ಮಡಿಕೇರಿಯ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಇದರ ಬಗ್ಗೆ ಬರೆಸಿ. ಅದೂ ಪರೀಕ್ಷೆ ಮುಗಿದ ಮೇಲೆ ಬೇಡ, ಮೊದಲೇ ಬರಲಿ.

ಇಂತಿ,
ಒಬ್ಬ ತಾಯಿ, ವಿರಾಜಪೇಟೆ
(ಮಗಳ ಸಲುವಾಗಿ ಹೆಸರು ಪ್ರಕಟಿಸಬೇಡಿ)