ಯಾವ ಪಾರ್ಟಿ ಅಂತ ಮಾತ್ರ ಕೇಳಬೇಡ

ಪ್ರೀತಿಯ ಅನು,

ನೀನು ಫಿಜಿಯ ಸುವಾದಿಂದ ಆರು ತಿಂಗಳ ಮಟ್ಟಿಗೆ ಪೆಸಿಫಿಕ್ ಸಾಗರದ ಟುವಾಲುಗೆ ಹೋಗುತ್ತಿದ್ದೀಯ, ಅಲ್ಲಿನ ಸರ್ಕಾರಿ ಲೆಕ್ಕಪತ್ರದ ಕೆಲಸ ಅಂತ ಅಣ್ಣ ನಿನ್ನೆ ಫೋನಿನಲ್ಲಿ ಹೇಳಿದ. ಜೊತೆಗೆ "ಅದೇನು ದೇಶವೋ ಮಾರಾಯ, ಹನ್ನೊಂದು ಸಾವಿರ ಜನವಂತೆ" ಅಂತ ನಕ್ಕ. ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ ಕೇಳು.

ತೊಂಬತ್ತರ ದಶಕದಲ್ಲಿ ನಾನು ಜರ್ಮನ್ ಮಾಲೀಕರ ಕಂಟೇನರ್ ಹಡಗಿನಲ್ಲಿ ಎಂಜಿನ್ ರೂಮಿನಲ್ಲಿದ್ದಾಗ ನಮ್ಮ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಟುವಾಲುವಿನವನು. ಅಲ್ಲಿನ ಹುಡುಗರು ಅಮಟುಕು ಅನ್ನೋ ಪುಟ್ಟ ದ್ವೀಪದಲ್ಲಿರುವ ನಾವಿಕ ಶಾಲೆಯಲ್ಲಿ ಕಲಿತು ಜರ್ಮನ್ ಹಡಗುಗಳಿಗೆ ಬರುತ್ತಿದ್ದರು. ಒಂದು ರಾತ್ರಿ ಮೆಸ್ಸಿನಲ್ಲಿ ಊಟ ಮಾಡುತ್ತಾ "ನಿಮ್ಮ ಪ್ರಧಾನಿಗಿಂತ ನಮ್ಮೂರ ಪಂಚಾಯಿತಿ ಅಧ್ಯಕ್ಷನಿಗೇ ಜಾಸ್ತಿ ಕೆಲಸ ಇರಬೇಕು" ಅಂದೆ. ತಮಾಷೆಗೇ ಅಂದದ್ದು. ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ ಕೈ ನಿಲ್ಲಿಸಿದ, ತಟ್ಟೆ ತೊಳೆದಿಟ್ಟು ಹೋದ, ಎರಡು ದಿನ ಕೆಲಸ ಬಿಟ್ಟು ಬೇರೆ ಮಾತೇ ಇಲ್ಲ. ಆಮೇಲೆ ನಾನೇ ಹೋಗಿ ತಪ್ಪಾಯ್ತು ಅಂದೆ. ಆ ಮೇಲಿನ ಎಂಟು ತಿಂಗಳಲ್ಲಿ ಅವನು ನನಗೆ ಕಲಿಸಿದ್ದು, ಊರಿಗೆ ಬಂದ ಮೇಲೆ ನಾನೇ ಓದಿಕೊಂಡದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲನೇದು, ಯಾರನ್ನೂ "ನೀವು ಯಾವ ಪಾರ್ಟಿ" ಅಂತ ಕೇಳಬೇಡ. ಅಲ್ಲಿ ಪಾರ್ಟಿಗಳೇ ಇಲ್ಲ. 16 ಸದಸ್ಯರ ಪಾರ್ಲಿಮೆಂಟು, 8 ಕ್ಷೇತ್ರ, ಕ್ಷೇತ್ರಕ್ಕೆ ಇಬ್ಬರು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಕ್ಷೇತ್ರ ಅಂದರೆ ದ್ವೀಪ. ದ್ವೀಪಗಳು ಒಂಬತ್ತು, ಆದರೆ ನಿಯುಲಕಿಟದಲ್ಲಿ ಜನ ತೀರಾ ಕಡಿಮೆ, ಅದಕ್ಕೆ ಅವರ ಮತ ನಿಯುಟಾವ್ ಜೊತೆ ಸೇರುತ್ತದೆ. ಗೆದ್ದು ಬಂದವರೇ ಕೂತು ಪ್ರಧಾನಿಯನ್ನು ಆರಿಸುತ್ತಾರೆ. ಹಾಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ "ನಿಮ್ಮ ದ್ವೀಪ ಯಾವುದು" ಅನ್ನೋದು. ಅರ್ಧಕ್ಕಿಂತ ಹೆಚ್ಚು ಜನ ಈಗ ರಾಜಧಾನಿ ಫುನಾಫುಟಿಯಲ್ಲೇ ಇದ್ದಾರೆ, ಆದರೂ ವೈಟುಪುವಿನವನು ವೈಟುಪುವಿನವನೇ, ನನುಮೆಯದವಳು ನನುಮೆಯದವಳೇ. ಈ ಒಂದು ಪ್ರಶ್ನೆ ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ, ಯಾರಿಗೆ ಯಾರು ಸಂಬಂಧಿ ಅನ್ನೋದೂ ಹೊರಗೆ ಬರುತ್ತದೆ.

ಪಾರ್ಟಿ ಇಲ್ಲ ಅಂದ ಮೇಲೆ ಜಗಳವೂ ಇಲ್ಲ ಅಂದುಕೊಳ್ಳಬೇಡ ಮತ್ತೆ! 2010ರ ಸೆಪ್ಟೆಂಬರಿನಲ್ಲಿ ಮಾಟಿಯ ಟೊಅಫಾ ಪ್ರಧಾನಿಯಾದರು. ಡಿಸೆಂಬರಿನಲ್ಲಿ ಅವರದೇ ಮಂತ್ರಿ ವಿಲ್ಲಿ ಟೆಲಾವಿ ವಿರೋಧಿ ಬಣಕ್ಕೆ ಹೋದರು. ಆಗ 15 ಸದಸ್ಯರು, 8-7ರಲ್ಲಿ ಸರ್ಕಾರ ಬಿತ್ತು, ಟೆಲಾವಿಯೇ ಪ್ರಧಾನಿ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ರೆಸಾರ್ಟ್ ಬುಕ್ ಆಗಿರುತ್ತಿತ್ತು, ಬಿಡು.

ಆಮೇಲಿನ ಕಥೆ ನನ್ನ ಬೋಸನ್ನನ ದ್ವೀಪದ್ದು, ನುಕುಫೆಟೌದ್ದು. ಅಲ್ಲಿಂದ ಗೆದ್ದಿದ್ದ ಲೊಟೊಅಲ ಮೆಟಿಯ ಹಣಕಾಸು ಮಂತ್ರಿಯಾಗಿದ್ದರು. ದ್ವೀಪದವರಿಗೆ ಅವರ ಮೇಲೆ ಸಿಟ್ಟು ಬಂದು, ರಾಜೀನಾಮೆ ಕೊಡು ಅಂತ 2011ರ ಜನವರಿಯಲ್ಲಿ ಪಟ್ಟು ಹಿಡಿದರು. ಸರ್ಕಾರ ಫುನಾಫುಟಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಬಾರದು ಅಂತ ಎರಡು ವಾರ ನಿಷೇಧ ಹಾಕಿತು. 2012ರ ಕೊನೆಗೆ ಮೆಟಿಯ ತೀರಿಕೊಂಡರು. ಉಪಚುನಾವಣೆ ಮಾಡಿದರೆ ಬಹುಮತ ಹೋಗುತ್ತದೆ ಅಂತ ಟೆಲಾವಿಗೆ ಗೊತ್ತು, ತಿಂಗಳುಗಟ್ಟಲೆ ಎಳೆದರು. ಕೊನೆಗೆ ಹೈಕೋರ್ಟೇ ಚುನಾವಣೆ ಮಾಡಿ ಅಂತ ಹೇಳಬೇಕಾಯಿತು. 2013ರ ಜೂನಿನಲ್ಲಿ ಚುನಾವಣೆ ಆಯಿತು, ವಿರೋಧಿ ಬಣದವರು ಗೆದ್ದರು. ಒಂದು ಪುಟ್ಟ ದ್ವೀಪದ ಮತದಿಂದ ಇಡೀ ದೇಶದ ಲೆಕ್ಕ ತಿರುಗಿತು. ಆದರೂ ಟೆಲಾವಿ ಪಾರ್ಲಿಮೆಂಟು ಕರೆಯಲಿಲ್ಲ. ಬ್ರಿಟನ್ ರಾಣಿಯ ಪ್ರತಿನಿಧಿಯಾಗಿ ಅಲ್ಲಿದ್ದ ಗವರ್ನರ್ ಜನರಲ್ ಇಯಾಕೊಬ ಇಟಲೇಲಿ ಕರೆಯಲೇಬೇಕು ಅಂದರು. ಆಗ ಟೆಲಾವಿ ಗವರ್ನರ್ ಜನರಲ್ ಅವರನ್ನೇ ತೆಗೆಸಲು ಹೊರಟರು, ಅಷ್ಟರಲ್ಲಿ ಗವರ್ನರ್ ಜನರಲ್ ಆಗಸ್ಟ್ 1ಕ್ಕೆ ಟೆಲಾವಿಯನ್ನೇ ಮನೆಗೆ ಕಳಿಸಿದರು. ಎನೆಲೆ ಸೊಪೊಆಗ ಪ್ರಧಾನಿಯಾದರು. ಆ ವಾರ ಬೋಸನ್ ನನಗೆ ಕಳಿಸಿದ ಈಮೇಲಿನಲ್ಲಿ ಒಂದೇ ಸಾಲು: "ಈಗ ಹೇಳು, ನಿಮ್ಮ ಪಂಚಾಯಿತಿ ಅಧ್ಯಕ್ಷ ಹೇಗಿದ್ದಾನೆ?"

ಹನ್ನೆರಡು ವರ್ಷ ಕಳೆದಿರಬಹುದು, ಆದರೆ ಅಷ್ಟು ಸಣ್ಣ ಊರಿನಲ್ಲಿ ಇಂಥದ್ದು ಮರೆತುಹೋಗುವುದಿಲ್ಲ. ಆ ಕಡೆಯವರ ಮಗಳು ನಿನ್ನ ಟೇಬಲ್ಲಿನ ಎದುರೇ ಕೂತಿರಬಹುದು, ಈ ಕಡೆಯವರ ಅಳಿಯ ನಿನಗೆ ಫೈಲ್ ತಂದುಕೊಡಬಹುದು. ಸಂಜೆ ರನ್‌ವೇ ಮೇಲೆ ವಾಲಿಬಾಲ್ ಆಡುವಾಗ ಇಬ್ಬರೂ ನಿನ್ನ ತಂಡದಲ್ಲೇ ಇರುತ್ತಾರೆ. ಹೌದು, ವಿಮಾನ ಇಲ್ಲದ ಹೊತ್ತಿನಲ್ಲಿ ರನ್‌ವೇ ಅಂದರೆ ಊರ ಮೈದಾನ. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ಅದಕ್ಕೇ ಹೇಳುವುದು, ಫೈಲಿನಲ್ಲಿ ತಪ್ಪು ಕಂಡರೆ ಸಂಬಂಧಪಟ್ಟವರನ್ನು ಪಕ್ಕಕ್ಕೆ ಕರೆದು ಹೇಳು, ಆಮೇಲೆ ಬರವಣಿಗೆಯಲ್ಲಿ ಹಾಕು. ತಪ್ಪನ್ನು ಮುಚ್ಚಿಡು ಅಂತ ಹೇಳುತ್ತಿಲ್ಲ. ಸಂಜೆಯ ಆಟಕ್ಕೆ ಆ ಮಾತನ್ನು ತೆಗೆದುಕೊಂಡು ಹೋಗಬೇಡ ಅಷ್ಟೇ.

ಇನ್ನು ಫಲೆಕೌಪುಲೆ. ಇದನ್ನು ತಿಳಿಯದೆ ಅಲ್ಲಿನ ಸರ್ಕಾರ ಅರ್ಥವಾಗುವುದಿಲ್ಲ. ಪ್ರತಿ ದ್ವೀಪಕ್ಕೂ ಹಿರಿಯರ ಸಭೆ ಇದೆ, ಅದೇ ಫಲೆಕೌಪುಲೆ. ಅದರ ಹೇಳಿಕೆಯನ್ನು ನಡೆಸುವವರು ಜನ ಆರಿಸಿದ ಆರು ಮಂದಿ, ಅವರು ಕೌಪುಲೆ. 1997ರಲ್ಲಿ ಕಾನೂನೇ ಮಾಡಿ ಈ ಹಳೇ ಪದ್ಧತಿಗೆ ಅಧಿಕಾರ ಕೊಟ್ಟರು. ನಮ್ಮ ಗ್ರಾಮಸಭೆ ಅಂದುಕೊಳ್ಳಬಹುದು, ಆದರೆ ನಮ್ಮಲ್ಲಿ ಕೋರಂ ತುಂಬಿಸಲು ಸಹಿ ಹಾಕಿಸಿಕೊಂಡು ಓಡಾಡುತ್ತಾರಲ್ಲ, ಅಲ್ಲಿ ಹಾಗಲ್ಲ, ಹಿರಿಯರು ಒಂದು ಮಾತು ಹೇಳಿದರೆ ಅದಕ್ಕೆ ತೂಕ ಇದೆ. ನಿನ್ನನ್ನು ಸಭೆಮನೆಗೆ ಕರೆದರೆ ತಪ್ಪಿಸಬೇಡ. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೋ. ಕಾಲು ಚಾಚಬೇಡ. ಕೂತವರ ಮುಂದೆ ಹಾದು ಹೋಗಬೇಕಾದರೆ ಬಗ್ಗಿ "ಟುಲೌ" ಅನ್ನು, ಅಂದರೆ ಕ್ಷಮಿಸಿ ಅಂತ. ಮಾತು ನಿಧಾನಕ್ಕೆ ಸಾಗುತ್ತದೆ, ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳುತ್ತಾರೆ. ಗಡಿಯಾರ ನೋಡಬೇಡ, ಸುಮ್ನೆ ಕೇಳು.

ಆಫೀಸಿನ ಗೋಡೆ ಮೇಲೆ ಚಾರ್ಲ್ಸ್ ದೊರೆಯ ಫೋಟೊ ಕಂಡರೆ "ಇನ್ನೂ ಬ್ರಿಟಿಷರ ಕೈಲಿದ್ದೀರಾ" ಅಂತ ಭಾಷಣ ಶುರು ಮಾಡಬೇಡ, ನಿನ್ನ ಬಾಯಿ ನನಗೆ ಗೊತ್ತು. 1978ರ ಅಕ್ಟೋಬರ್ 1ಕ್ಕೆ ಸ್ವತಂತ್ರರಾದವರು ಅವರು. ರಾಷ್ಟ್ರದ ಮುಖ್ಯಸ್ಥೆಯಾಗಿ ಬ್ರಿಟನ್ ರಾಣಿಯೇ ಇರಲಿ ಅಂತ ಆಗ ಅವರೇ ತೀರ್ಮಾನಿಸಿದ್ದು. 2008ರಲ್ಲಿ ಮತಕ್ಕೆ ಹಾಕಿದಾಗ 1,260 ಜನ ರಾಣಿ ಇರಲಿ ಅಂದರು, 679 ಜನ ಗಣರಾಜ್ಯ ಬೇಕು ಅಂದರು. ಮುಗೀತು.

ಮತ್ತೆ, ಅಲ್ಲಿ ಎಲ್ಲವನ್ನೂ ಸಮುದ್ರ ತಡ ಮಾಡುತ್ತದೆ, ಅದಕ್ಕೆ ಸಿಡುಕಬೇಡ. 2024ರ ಜನವರಿ 26ಕ್ಕೆ ಚುನಾವಣೆ ಆಯಿತು, ಪ್ರಧಾನಿ ಕೌಸಿಯ ನಟಾನೊ ತಮ್ಮ ಸೀಟನ್ನೇ ಕಳೆದುಕೊಂಡರು, ಆದರೆ ಹೊಸ ಪ್ರಧಾನಿ ಆಗಲು ಸುಮಾರು ಒಂದು ತಿಂಗಳು ಹಿಡಿಯಿತು. ಯಾಕೆ ಗೊತ್ತಾ? ಹವಾಮಾನ ಕೆಟ್ಟು, ಗೆದ್ದ ಸದಸ್ಯರನ್ನು ದೂರದ ದ್ವೀಪಗಳಿಂದ ಕರೆತರುವ ದೋಣಿ ಹೊರಡಲಾಗಲಿಲ್ಲ. ಎಲ್ಲರೂ ಬಂದು ಸೇರಿದ ಮೇಲೆ ಫೆಲೆಟಿ ಟೆಯೊ ಒಬ್ಬರದೇ ಹೆಸರು ಬಂತು, ಮತ ಹಾಕುವ ಕೆಲಸವೇ ಇರಲಿಲ್ಲ.

ಕೊನೇದು, ಬಹಳ ಮುಖ್ಯ. "ನಿಮ್ಮ ದೇಶ ಯಾವಾಗ ಮುಳುಗುತ್ತೆ" ಅಂತ ದಮ್ಮಯ್ಯ ಕೇಳಬೇಡ. ಹೋದವರೆಲ್ಲ ಅದನ್ನೇ ಕೇಳುತ್ತಾರೆ. ಸಾವಿನ ಮನೆಗೆ ಹೋಗಿ ಆಸ್ತಿ ಪಾಲಿನ ವಿಷಯ ಎತ್ತಿದ ಹಾಗೆ ಅದು, ಅದೂ ಸಾವೇ ಆಗದ ಮನೆಯಲ್ಲಿ. ಸಮುದ್ರ ಎಷ್ಟೇ ಏರಿದರೂ ನಮ್ಮ ಗಡಿ ಬದಲಾಗುವುದಿಲ್ಲ, ನಮ್ಮ ರಾಷ್ಟ್ರ ಇದ್ದೇ ಇರುತ್ತದೆ ಅಂತ 2023ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಗಡಿ ಅಂದರೆ ಸುಮ್ನೆ ಗೆರೆ ಅಲ್ಲ, ಆ ನೀರಿನಲ್ಲಿ ಟ್ಯೂನಾ ಹಿಡಿಯಲು ಹೊರಗಿನ ಹಡಗುಗಳು ಕೊಡುವ ಲೈಸೆನ್ಸ್ ದುಡ್ಡಿನಿಂದಲೇ ಸರ್ಕಾರ ಬಹುಮಟ್ಟಿಗೆ ನಡೆಯುವುದು, ನೀನು ನೋಡುವ ಲೆಕ್ಕದಲ್ಲೂ ಅದೇ ದೊಡ್ಡ ಅಂಕಿ ಇರುತ್ತದೆ. ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಆಗಿದೆ, ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. ಅದರ ಬದಲಿಗೆ, ಭದ್ರತೆ ವಿಷಯದಲ್ಲಿ ಬೇರೆ ದೇಶದ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾದರೆ ಆಸ್ಟ್ರೇಲಿಯಾವೂ ಒಪ್ಪಬೇಕು. ಇದು ಒಳ್ಳೇದೋ ಕೆಟ್ಟದ್ದೋ ಅಂತ ಅಲ್ಲಿನವರಲ್ಲೇ ವಾದ ಇದೆ. ನಿನ್ನ ಅಭಿಪ್ರಾಯ ನಿನ್ನ ಹತ್ತಿರವೇ ಇರಲಿ, ಅವರಾಗಿ ಹೇಳಿದರೆ ಕೇಳು.

ಕೈಯಲ್ಲಿ ಆಸ್ಟ್ರೇಲಿಯನ್ ಡಾಲರ್ ನಗದು ಇಟ್ಟುಕೋ, ಅಲ್ಲಿ ಮೊದಲ ಎಟಿಎಂ ಬಂದದ್ದೇ 2025ರಲ್ಲಿ. ಚಿಕ್ಕಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಬೇಕು ಅನ್ನುತ್ತಿದ್ದಾಳೆ, ಸುವಾ ಕಸ್ಟಮ್ಸಿನಲ್ಲಿ ಬಿಡುತ್ತಾರಾ ವಿಚಾರಿಸಿ ತಿಳಿಸು. ಹೋದ ಮೇಲೆ ಬರೀ ವಾಟ್ಸಾಪ್ ಮಾಡಬೇಡ. ಫುನಾಫುಟಿಯಲ್ಲಿ ಸ್ಟಾಂಪ್ ಮಾರುವ ಆಫೀಸು ಇದೆ, ಟುವಾಲು ಸ್ಟಾಂಪು ಅಂದರೆ ಸಂಗ್ರಹಿಸುವವರು ಮುಗಿಬೀಳುತ್ತಾರೆ. ನುಕುಫೆಟೌವಿನ ಚಿತ್ರ ಇರುವುದು ಸಿಕ್ಕರೆ ಅದನ್ನೇ ಅಂಟಿಸಿ ನನಗೊಂದು ಕಾಗದ ಹಾಕು.

ನಿನ್ನ
ಚಿಕ್ಕಪ್ಪ